ಬೇಸ್‌ಮೆಂಟ್‌ಗೆ ಬಣ್ಣ ಹೊಡೆಸುವ ಮೊದಲು: ಜಿನುಗುವ ನೀರನ್ನು ಹುಡುಕುವುದು, ತಡೆಯುವುದು, ಆಮೇಲೆ ರೂಮು ಮಾಡುವುದು

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ. ಬೋರ್‌ವೆಲ್ ಸಾವಿರ ಅಡಿ ಕೊರೆಸಿದರೂ ನೀರು ಸಿಕ್ಕಿರುವುದಿಲ್ಲ. ಹತ್ತು ಅಡಿ ಆಳದ ಬೇಸ್‌ಮೆಂಟ್‌ನಲ್ಲಿ ಮಾತ್ರ ಮಳೆಗಾಲ ಪೂರ್ತಿ ಗೋಡೆ ಜಿನುಗುತ್ತದೆ, ನೆಲದ ಅಂಚಿನಲ್ಲಿ ನೀರು ನಿಲ್ಲುತ್ತದೆ. "ನೆಲದಲ್ಲಿ ನೀರೇ ಇಲ್ಲ ಅಂತಾರೆ, ಮತ್ತೆ ಇದೆಲ್ಲಿಂದ ಬರ್ತಿದೆ?" ಅಂತ ಮನೆಯವರು ಕೇಳುತ್ತಾರೆ.

ಈ ಎರಡು ನೀರೂ ಬೇರೆ ಬೇರೆ. ಬೋರ್‌ವೆಲ್ ನೀರು ಆಳದ ಬಂಡೆಯ ಬಿರುಕುಗಳಲ್ಲಿ ಇರುತ್ತದೆ. ಬೇಸ್‌ಮೆಂಟ್‌ಗೆ ಬರುವುದು ಮೇಲಿನ ಮಣ್ಣಿನ ನೀರು. ಮಳೆ ಬಿದ್ದಾಗ ಅದು ಕೆಂಪು ಮಣ್ಣಿನಲ್ಲಿ ಇಳಿದು, ಕೆಳಗಿನ ಗಟ್ಟಿ ಪದರ ಸಿಕ್ಕಿದ ಕಡೆ ನಿಲ್ಲುತ್ತದೆ. ಇದರ ಜೊತೆಗೆ ನಾವೇ ಮಾಡಿಕೊಂಡ ಇನ್ನೊಂದು ಸಂಗತಿ ಇದೆ. ಬೇಸ್‌ಮೆಂಟ್ ಅಗೆಯುವಾಗ ಮನೆಗಿಂತ ಎರಡು ಮೂರು ಅಡಿ ಅಗಲವಾಗಿ ಗುಂಡಿ ತೋಡುತ್ತಾರೆ. ಗೋಡೆ ಎದ್ದ ಮೇಲೆ ಆ ಜಾಗಕ್ಕೆ ಸಡಿಲ ಮಣ್ಣು, ಒಡೆದ ಬ್ಲಾಕು, ಸಿಮೆಂಟ್ ಚೀಲ ಎಲ್ಲ ಸುರಿದು ಮುಚ್ಚುತ್ತಾರೆ. ಸುತ್ತಲಿನ ಗಟ್ಟಿ ಮಣ್ಣು ನೀರನ್ನು ನಿಧಾನಕ್ಕೆ ಹೀರುತ್ತದೆ. ಈ ಸಡಿಲ ಮಣ್ಣು ಮಾತ್ರ ಸಿಕ್ಕಿದ ನೀರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ದೊಡ್ಡ ತೊಟ್ಟಿಯೊಂದರೊಳಗೆ ಮನೆ ಕಟ್ಟಿ ಕೂರಿಸಿದ ಹಾಗೆ ಆಗುತ್ತದೆ.

ಹಾಗೆ ನಿಂತ ನೀರಿಗೆ ತುಂಬಾ ಬಲ ಇದೆ. ನೀರಿನ ಮಟ್ಟ ಒಂದು ಮೀಟರ್ ಏರಿದರೆ ಅದರ ಬುಡದಲ್ಲಿ ಪ್ರತಿ ಚದರ ಮೀಟರ್ ಜಾಗದ ಮೇಲೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ. ಗೋಡೆಯ ಒಳಗಡೆ ಹಚ್ಚಿದ ಬಣ್ಣ, ಪುಟ್ಟಿ, ಪ್ಲಾಸ್ಟರ್ ಇವು ಹಿಂದಿನಿಂದ ಬರುವ ಆ ಒತ್ತಡಕ್ಕೆ ಗುಳ್ಳೆ ಎದ್ದು ಉದುರುವುದು ಇದಕ್ಕೇ.

ಹಾಗಾಗಿ ನನ್ನ ಮುಖ್ಯ ಮಾತು ಇಷ್ಟು: ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ವಾಟರ್‌ಪ್ರೂಫಿಂಗ್ ಡಬ್ಬ ಒಂದನ್ನೂ ಕೊಳ್ಳಬೇಡಿ. ಬರುವ ನೀರಿಗೆ ಹೊರಗೆ ಹೋಗಲು ದಾರಿ ಮಾಡಿ. ಗೋಡೆ, ನೆಲ, ಬಣ್ಣ ಎಲ್ಲ ಅದಾದ ಮೇಲೆ.

ಶುರು ಮಾಡುವ ಮೊದಲು ನಕ್ಷೆ ನೋಡಿ

ಮಂಜೂರಾದ ನಕ್ಷೆಯಲ್ಲಿ ಬೇಸ್‌ಮೆಂಟ್ ಯಾವುದಕ್ಕೆ ಅಂತ ಬರೆದಿದೆ ನೋಡಿ. ಹೆಚ್ಚಿನ ಮನೆಗಳಲ್ಲಿ ಪಾರ್ಕಿಂಗ್ ಅಂತ ಇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬೇಸ್‌ಮೆಂಟ್ ವಾಸಕ್ಕೆ ಅಲ್ಲ. ಅಲ್ಲಿ ಬೆಡ್‌ರೂಮ್ ಮಾಡುವ ಯೋಚನೆ ಬಿಡುವುದೇ ಒಳ್ಳೆಯದು, ಬಾಡಿಗೆಗೆ ಕೊಡುವುದಂತೂ ಬೇಡ. ನೀರು ನುಗ್ಗಿದರೆ ಮೊದಲು ತುಂಬುವ ಜಾಗ ಅದು, ರಾತ್ರಿ ಮಲಗಿದ್ದವರಿಗೆ ಗೊತ್ತಾಗುವುದು ತಡ. ಸಾಮಾನು ಇಡುವುದು, ಪುಸ್ತಕ ಓದುವ ಜಾಗ, ವ್ಯಾಯಾಮ, ಮಕ್ಕಳ ಸಂಗೀತ ಅಭ್ಯಾಸ ಇಂಥದ್ದಕ್ಕೆ ಯೋಚಿಸಬಹುದು. ಬಳಕೆ ಬದಲಿಸುವ ಮುನ್ನ ಪಾಲಿಕೆ ನಿಯಮ ಗೊತ್ತಿರುವ ಆರ್ಕಿಟೆಕ್ಟ್ ಹತ್ತಿರ ಒಮ್ಮೆ ಮಾತಾಡಿ.

ಇನ್ನೊಂದು ನಕ್ಷೆಯನ್ನೂ ನೋಡಬೇಕು, ಅದು ಹಳೆಯ ಗ್ರಾಮ ನಕ್ಷೆ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸೈಟು ಯಾವ ಸರ್ವೆ ನಂಬರ್‌ನಲ್ಲಿದೆ, ಹತ್ತಿರ ಕೆರೆಯೋ ರಾಜಕಾಲುವೆಯೋ ಇತ್ತಾ ಅಂತ ತಿಳಿಯಬಹುದು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಮುಚ್ಚಿದರೂ ಅಲ್ಲಿಗೆ ಇಳಿಯುವ ಇಳಿಜಾರು ಮುಚ್ಚುವುದಿಲ್ಲ. ನಿಮ್ಮ ಮನೆ ಹಳೇ ಕಾಲುವೆಯ ದಂಡೆಯಲ್ಲೋ, ಬಡಾವಣೆಯ ಅತಿ ತಗ್ಗಿನಲ್ಲೋ ಇದ್ದರೆ ಬೇಸ್‌ಮೆಂಟ್‌ಗೆ ದುಡ್ಡು ಸುರಿಯಬೇಡಿ. ಗಾಡಿ ನಿಲ್ಲಿಸಿ, ಬೇಗ ತೊಳೆಯುವಂತೆ ಇಟ್ಟುಕೊಳ್ಳಿ, ಸಾಕು.

ಮೊದಲ ಹೆಜ್ಜೆ: ನೀರಿನ ಮೂಲ ಹುಡುಕುವುದು

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದೇ. ಖರ್ಚು ಅತಿ ಕಡಿಮೆ, ಉಪಯೋಗ ಅತಿ ಜಾಸ್ತಿ.

ಒಂದು ಚಾಕ್‌ಪೀಸ್ ತೆಗೆದುಕೊಳ್ಳಿ. ಗೋಡೆಯಲ್ಲಿ ಒದ್ದೆಯಾಗಿರುವ ಜಾಗದ ಸುತ್ತ ಗೆರೆ ಎಳೆದು ತಾರೀಖು ಬರೆಯಿರಿ. ಮಳೆ ಬಂದ ದಿನ, ಬರದ ದಿನ ಎರಡೂ ನೋಡಿ. ಫೋಟೋ ತೆಗೆದಿಡಿ. ಕೆಲವು ವಾರಗಳಲ್ಲಿ ಗೋಡೆಯೇ ಕಥೆ ಹೇಳಲು ಶುರು ಮಾಡುತ್ತದೆ.

ಮಳೆ ಬಂದ ಗಂಟೆ ಎರಡು ಗಂಟೆಯೊಳಗೆ ಒದ್ದೆಯಾಗಿ, ಮಳೆ ನಿಂತ ಮೇಲೆ ಬೇಗ ಒಣಗಿದರೆ ಅದು ಮೇಲಿನಿಂದ ಹರಿದು ಬರುವ ನೀರು. ತಾರಸಿಯ ಪೈಪು ಗೋಡೆ ಬುಡದಲ್ಲಿ ಸುರಿಯುತ್ತಿರಬಹುದು, ಕಾಂಪೌಂಡ್ ಪಕ್ಕದ ನೆಲ ಮನೆ ಕಡೆಗೇ ವಾಟ (ಇಳಿಜಾರು) ಇರಬಹುದು. ಮಳೆ ಬಂದು ಒಂದೆರಡು ದಿನ ಬಿಟ್ಟು ಶುರುವಾಗಿ, ಮಳೆ ನಿಂತ ಮೇಲೂ ವಾರಗಟ್ಟಲೆ ಜಿನುಗಿದರೆ ಅದು ಮಣ್ಣಿನಲ್ಲಿ ನಿಂತ ನೀರು. ಮಾರ್ಚ್ ತಿಂಗಳ ಬಿರು ಬಿಸಿಲಲ್ಲೂ ಅದೇ ಜಾಗ ಅಷ್ಟೇ ಒದ್ದೆ ಇದ್ದರೆ ಮಳೆಯನ್ನು ಬೈಯಬೇಡಿ. ಸಂಪು, ನೀರಿನ ಪೈಪು ಅಥವಾ ಸ್ಯಾನಿಟರಿ ಚೇಂಬರ್ (ಕೊಳಚೆ ಪೈಪುಗಳು ಸೇರುವ ಗುಂಡಿ) ಸೋರುತ್ತಿದೆ.

ಬೆಂಗಳೂರಿನ ಮನೆಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಸಂಪಿನ ಮೇಲೆ. ಮೂವತ್ತು ನಲವತ್ತರ ಸೈಟಿನಲ್ಲಿ ಜಾಗ ಎಲ್ಲಿರುತ್ತದೆ? ಬೇಸ್‌ಮೆಂಟ್ ಗೋಡೆಗೆ ಅಂಟಿಕೊಂಡೇ ಸಂಪು ಕಟ್ಟಿರುತ್ತಾರೆ. ಎಷ್ಟೋ ಕಡೆ ಎರಡಕ್ಕೂ ಒಂದೇ ಗೋಡೆ. ಬನಶಂಕರಿ ಕಡೆ ನನಗೆ ಗೊತ್ತಿರುವ ಒಂದು ಮನೆಯಲ್ಲಿ ವರ್ಷ ವರ್ಷವೂ ಗೋಡೆ ಕೆರೆದು ಬಣ್ಣ ಹೊಡೆಸುತ್ತಿದ್ದರು. ಬಂದವರೆಲ್ಲ "ಶೀತ ಏರ್ತಿದೆ ಸಾರ್, ಒಂದು ಕೋಟ್ ವಾಟರ್‌ಪ್ರೂಫ್ ಹೊಡೆದ್ರೆ ಆಯ್ತು" ಅನ್ನುತ್ತಿದ್ದರು. ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿ ಗೋಡೆ ಮುಟ್ಟಿಯೂ ನೋಡದೆ, "ಅಮ್ಮಾ, ಸಂಪಿನ ಮುಚ್ಚಳ ಎಲ್ಲಿದೆ ತೋರಿಸಿ" ಅಂದರು. ಸೋರುತ್ತಿದ್ದುದು ಅಲ್ಲೇ.

ಸಂಪು ಪರೀಕ್ಷೆ ಸುಲಭ. ರಾತ್ರಿ ಸಂಪು ತುಂಬಿಸಿ. ಒಳಗೆ ಬರುವ ನೀರಿನ ವಾಲ್ವ್ ಮುಚ್ಚಿ, ಮೋಟಾರ್ ಆಫ್ ಮಾಡಿ. ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಮಟ್ಟ ಇಳಿದಿದ್ದರೆ ಸೋರಿಕೆ ಇದೆ. ಹಾಗೇ ಬಿಟ್ಟು ನೋಡಿ, ನೀರು ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಬಿರುಕು ಆ ಮಟ್ಟದಲ್ಲೇ ಇದೆ ಅಂತ ತಿಳಿಯಿರಿ. ಒಂದು ಎಚ್ಚರ: ಬಹಳ ದಿನ ಮುಚ್ಚಿಟ್ಟ ಸಂಪಿನೊಳಗೆ ದಿಢೀರ್ ಅಂತ ಇಳಿಯಬೇಡಿ, ಕೆಲಸದವರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಕಡಿಮೆ ಇದ್ದು ಜೀವ ಹೋಗಿರುವುದು ಉಂಟು. ಚೇಂಬರ್, ಮ್ಯಾನ್‌ಹೋಲ್ ಒಳಗಂತೂ ಮನುಷ್ಯರನ್ನು ಇಳಿಸಲೇಬಾರದು, ಅದು ಕಾನೂನಿಗೂ ವಿರುದ್ಧ.

ಚೇಂಬರ್ ಸೋರುತ್ತಿದೆಯಾ ತಿಳಿಯಲು ಗಾಢ ಬಣ್ಣ ಕಲಸಿದ ಒಂದು ಬಕೆಟ್ ನೀರು ಸುರಿದು, ಗೋಡೆಯಲ್ಲಿ ಆ ಬಣ್ಣ ಕಾಣುತ್ತಾ ಒಂದೆರಡು ದಿನ ಗಮನಿಸಿ. ವಾಸನೆಯೂ ಸುಳಿವು ಕೊಡುತ್ತದೆ. ಕಾವೇರಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಈಜುಕೊಳದ ನೀರು ನೋಡುವ ಕ್ಲೋರಿನ್ ಕಿಟ್‌ನಲ್ಲಿ ಜಿನುಗಿದ ನೀರಿಗೆ ಬಣ್ಣ ಬಂದರೆ ಅದು ಪೈಪಿನದ್ದೋ ಸಂಪಿನದ್ದೋ. ಬಣ್ಣ ಬರದಿದ್ದರೆ ಮಾತ್ರ ಏನೂ ತೀರ್ಮಾನ ಮಾಡಬೇಡಿ, ಮಣ್ಣಿನ ಮೂಲಕ ಬರುವಾಗ ಕ್ಲೋರಿನ್ ಕಳೆದುಹೋಗಿರಬಹುದು.

ಇನ್ನೊಂದು ಸಾಧ್ಯತೆ ಇದೆ: ನೀರು ಹೊರಗಿನಿಂದ ಬರುತ್ತಲೇ ಇಲ್ಲದಿರಬಹುದು. ಜುಲೈ ಆಗಸ್ಟ್‌ನ ಥಂಡಿ ಗಾಳಿಯಲ್ಲಿ ತೇವ ಜಾಸ್ತಿ. ಅದು ಒಳಗೆ ಬಂದು ತಣ್ಣನೆಯ ಗೋಡೆಗೆ ತಾಗಿದರೆ ಬೆವರಿನ ಹನಿ ಕೂರುತ್ತದೆ. ಇದನ್ನು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ, ಗಾಳಿ ಓಡಾಡಿಸಿದರೆ ಸರಿಹೋಗುತ್ತದೆ. ಹಾಳೆ ಮತ್ತು ಗೋಡೆ ನಡುವೆ ಒದ್ದೆಯಾದರೆ ಗೋಡೆಯಿಂದಲೇ ನೀರು ಬರುತ್ತಿದೆ.

ಗೋಡೆಯ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಅಂದುಕೊಳ್ಳುವವರು ಇದ್ದಾರೆ. ಅದು ಉಪ್ಪು. ನೀರು ಸಿಮೆಂಟಿನ ಉಪ್ಪನ್ನು ಕರಗಿಸಿಕೊಂಡು ಬಂದು, ತಾನು ಆವಿಯಾಗಿ, ಉಪ್ಪನ್ನು ಬಿಟ್ಟು ಹೋಗಿರುತ್ತದೆ. ನೀರು ಓಡಾಡಿದ ದಾರಿಯ ಗುರುತು ಅದು. ಒಣ ಬ್ರಶ್‌ನಲ್ಲಿ ಉಜ್ಜಿ ತೆಗೆಯಿರಿ, ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಕಪ್ಪಗೆ, ಹಸಿರಾಗಿ, ಮುಗ್ಗಿದ ವಾಸನೆ ಬರುವುದು ಬೂಷ್ಟು. ಅದನ್ನು ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಎರಡನೇ ಹೆಜ್ಜೆ: ಹೊರಗಿನ ಕೆಲಸ ಮೊದಲು

ಒಂದು ಲೆಕ್ಕ ನೋಡಿ. 2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರು ನಗರದಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಸಾವಿರ ಚದರ ಅಡಿ ತಾರಸಿಯ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 12,000 ಲೀಟರ್ ನೀರು. ಅಂದರೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರ್. ತಾರಸಿಯ ಪೈಪು ಬೇಸ್‌ಮೆಂಟ್ ಗೋಡೆ ಬುಡದಲ್ಲೇ ಸುರಿಯುತ್ತಿದ್ದರೆ, ಎರಡು ಟ್ಯಾಂಕರ್ ನೀರನ್ನು ನಾವೇ ಆ ಸಡಿಲ ಮಣ್ಣಿಗೆ ಬಿಟ್ಟ ಹಾಗಾಯ್ತು ಅಲ್ವಾ?

ಆ ಪೈಪುಗಳನ್ನು ಮಳೆನೀರು ಸಂಗ್ರಹದ ತೊಟ್ಟಿಗೋ, ರಸ್ತೆ ಬದಿಯ ಮಳೆನೀರು ಮೋರಿಗೋ ಸೇರಿಸಿ. ಸ್ಯಾನಿಟರಿ ಲೈನಿಗೆ ಸೇರಿಸಬೇಡಿ. ಅದಕ್ಕೆ ಜಲಮಂಡಳಿಯ ಅನುಮತಿ ಇಲ್ಲ. ಜೋರು ಮಳೆಯಲ್ಲಿ ಆ ಲೈನು ತುಂಬಿ ಕೊಳಚೆ ವಾಪಸ್ ಮನೆಗಳಿಗೇ ಬರುತ್ತದೆ.

ಇಂಗುಗುಂಡಿ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಳೆ ನೀರು ಇಂಗಿಸುವುದು ಒಳ್ಳೆಯ ಕೆಲಸ. ಜಲಮಂಡಳಿ ಹೊಸದಾಗಿ ಕಟ್ಟುವ ಮೂವತ್ತು ನಲವತ್ತರ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದೆ. ಆದರೆ ಬೇಸ್‌ಮೆಂಟ್ ಗೋಡೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಇಂಗುಗುಂಡಿ ತೋಡಿದರೆ ಆ ನೀರು ಇಂಗುವುದು ನಿಮ್ಮ ಗೋಡೆಗೆ. ಬೇಸ್‌ಮೆಂಟ್ ಇರುವ ಸಣ್ಣ ಸೈಟಿನಲ್ಲಿ ನೀರು ಸಂಗ್ರಹಿಸಿ ಬಳಸುವ ವ್ಯವಸ್ಥೆಯೇ ಮೇಲು. ಇಂಗಿಸಲೇಬೇಕಾದರೆ ಬೇಸ್‌ಮೆಂಟ್‌ನಿಂದ ಸಾಧ್ಯವಾದಷ್ಟು ದೂರ, ಸೈಟಿನ ತಗ್ಗಿನ ಮೂಲೆಯಲ್ಲಿ ಮಾಡಿ. ಬಾವಿಯ ಹಾಗೆ ಬೇಸ್‌ಮೆಂಟ್ ನೆಲಕ್ಕಿಂತ ಕೆಳಗೆ ನೀರು ಬಿಡುವಂತಿರಲಿ. ಪಕ್ಕದ ಮನೆಯವರ ಬೇಸ್‌ಮೆಂಟ್ ಎಲ್ಲಿದೆ ಅಂತಲೂ ಕೇಳಿಕೊಳ್ಳಿ.

ಮನೆಗೂ ಕಾಂಪೌಂಡ್‌ಗೂ ನಡುವಿನ ಜಾಗಕ್ಕೆ ಕಾಂಕ್ರೀಟ್ ಹಾಕಿಸಿ, ಗೋಡೆಯಿಂದ ಆಚೆಗೆ ವಾಟ ಕೊಡಿಸಿ. ಗೋಡೆಗೆ ಅಂಟಿಕೊಂಡ ಹೂವಿನ ಪಾತಿ ಇದ್ದರೆ ಬೇರೆ ಕಡೆ ಸಾಗಿಸಿ. ಗೋಡೆಯ ಹೊರಮೈಯನ್ನು ಬುಡದವರೆಗೆ ತೋಡಿ ವಾಟರ್‌ಪ್ರೂಫ್ ಪದರ ಹಾಕಿಸುವುದೇ ಎಲ್ಲಕ್ಕಿಂತ ಗಟ್ಟಿ ಪರಿಹಾರ, ಏಕೆಂದರೆ ಆಗ ನೀರಿನ ಒತ್ತಡವೇ ಆ ಪದರವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಆದರೆ ಪಕ್ಕದ ಮನೆ ಮೂರಡಿ ಆಚೆ ಇರುವ ನಮ್ಮ ಓಣಿಗಳಲ್ಲಿ ಅಷ್ಟು ಆಳ ತೋಡಿದರೆ ಪಕ್ಕದವರ ಪಾಯಕ್ಕೆ ಅಪಾಯ. ಸುತ್ತ ಜಾಗ ಇದ್ದವರು, ಹೊಸದಾಗಿ ಕಟ್ಟುತ್ತಿರುವವರು ಮಾತ್ರ ಇದನ್ನು ಮಾಡಿ, ಅದೂ ಎಂಜಿನಿಯರ್ ನಿಂತು ನೋಡುವಾಗ.

ರ‍್ಯಾಂಪ್ ಇದ್ದರೆ ಅದೇ ನೀರಿನ ಹೆಬ್ಬಾಗಿಲು. ಪ್ರತಿ ಸಲ ಡಾಂಬರು ಹಾಕಿದಾಗ ನಮ್ಮ ರಸ್ತೆಗಳು ಒಂದಿಷ್ಟು ಎತ್ತರವಾಗುತ್ತವೆ. ಮನೆ ಕಟ್ಟುವಾಗ ರಸ್ತೆಗಿಂತ ಎತ್ತರ ಇದ್ದ ಗೇಟು ಹತ್ತು ವರ್ಷದಲ್ಲಿ ತಗ್ಗಾಗಿರುತ್ತದೆ. ಗೇಟಿನ ಒಳಗೆ, ರ‍್ಯಾಂಪ್ ಇಳಿಯುವ ಮೊದಲು, ಅರ್ಧದಿಂದ ಮುಕ್ಕಾಲು ಅಡಿ ಎತ್ತರದ ಉಬ್ಬು ಮಾಡಿಸಿ. ಕಾರಿನ ತಳ ತಾಗದಂತೆ ಎರಡೂ ಕಡೆ ಉದ್ದಕ್ಕೆ ಇಳಿಸಲು ಹೇಳಿ. ರ‍್ಯಾಂಪಿನ ಬುಡದಲ್ಲಿ ಅಡ್ಡಲಾಗಿ ಕಬ್ಬಿಣದ ಜಾಲರಿ ಮುಚ್ಚಿದ ಚರಂಡಿ ಇರಲಿ.

ಬೇಸ್‌ಮೆಂಟ್‌ನಲ್ಲಿ ಟಾಯ್ಲೆಟ್ಟೋ ಫ್ಲೋರ್ ಟ್ರ್ಯಾಪೋ ಇದ್ದು, ಅದು ನೇರವಾಗಿ ರಸ್ತೆಯ ಒಳಚರಂಡಿಗೆ ಸೇರಿದ್ದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಹಾಕಿಸಿ. ಹೊಸದಾಗಿ ಟಾಯ್ಲೆಟ್ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ ಅಂತಲೇ ನಾನು ಹೇಳುವುದು.

ಇಷ್ಟು ಮಾಡಿದ ಮೇಲೆ ಒಂದು ಜೋರು ಮಳೆಗೆ ಕಾಯಿರಿ. ಎಷ್ಟೋ ಮನೆಗಳಲ್ಲಿ ತೊಂದರೆ ಇಲ್ಲಿಗೇ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ.

ಮೂರನೇ ಹೆಜ್ಜೆ: ಒಳಗಿನ ರಿಪೇರಿ

ಗೋಡೆ ಯಾವುದರದ್ದು ಅನ್ನುವುದರ ಮೇಲೆ ಕೆಲಸ ನಿಂತಿದೆ. ಒಂದು ಕಡೆ ಪ್ಲಾಸ್ಟರ್ ಕೆತ್ತಿಸಿ ನೋಡಿ.

ಕಾಂಕ್ರೀಟ್ ಗೋಡೆಯಾದರೆ ನಿಮ್ಮ ಅದೃಷ್ಟ. ಕಾಂಕ್ರೀಟ್ ಸಾಮಾನ್ಯವಾಗಿ ಎಲ್ಲ ಕಡೆಯೂ ಸೋರುವುದಿಲ್ಲ, ಕೆಲವು ಜಾಗಗಳಲ್ಲಿ ಸೋರುತ್ತದೆ. ನೆಲ ಮತ್ತು ಗೋಡೆ ಸೇರುವ ಮೂಲೆ. ಒಂದು ದಿನದ ಕಾಂಕ್ರೀಟ್ ಮೇಲೆ ಇನ್ನೊಂದು ದಿನದ ಕಾಂಕ್ರೀಟ್ ಕೂತ ಗೆರೆ. ಸೆಂಟ್ರಿಂಗ್ ಹಲಗೆ ಬಿಗಿಯಲು ಹಾಕಿದ್ದ ರಾಡಿನ ತೂತು. ಹಸಿ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಹಾಕದೆ ಜಲ್ಲಿ ಕಾಣುವ ಜೇನುಗೂಡಿನಂಥ ಜಾಗ. ಪೈಪು ಗೋಡೆ ದಾಟಿ ಬರುವ ಕಡೆ.

ನೀರು ಹರಿಯುತ್ತಿರುವ ಬಿರುಕಿಗೆ ಪಿಯು (ಪಾಲಿಯುರೆಥೇನ್) ಗ್ರೌಟಿಂಗ್ ಸೂಕ್ತ. ಬಿರುಕಿನ ಎರಡೂ ಬದಿಯಲ್ಲಿ ಓರೆಯಾಗಿ ತೂತು ಕೊರೆದು, ನಾಝಲ್ ಕೂರಿಸಿ, ಪಂಪಿನಿಂದ ರಾಸಾಯನಿಕ ತುಂಬುತ್ತಾರೆ. ಅದು ನೀರು ತಾಗಿದ ಕೂಡಲೇ ನೊರೆಯಾಗಿ ಉಬ್ಬಿ ದಾರಿ ಮುಚ್ಚುತ್ತದೆ. ಸಿಮೆಂಟ್ ಗ್ರೌಟಿಂಗ್ ಜೇನುಗೂಡಿನಂಥ ಜಾಗಕ್ಕೆ ಚೆನ್ನ. ಕಾಂಟ್ರಾಕ್ಟರ್‌ಗಳು ನಾಝಲ್ ಲೆಕ್ಕದಲ್ಲೋ, ಸುರಿದ ರಾಸಾಯನಿಕದ ಕೆಜಿ ಲೆಕ್ಕದಲ್ಲೋ ದರ ಹೇಳುತ್ತಾರೆ. ಯಾವ ಲೆಕ್ಕ ಅಂತ ಮೊದಲೇ ಬರೆಸಿಕೊಳ್ಳಿ. ಒಂದು ಕಡೆ ಮುಚ್ಚಿದರೆ ನೀರು ಪಕ್ಕದ ಬಿರುಕು ಹುಡುಕಿಕೊಂಡು ಬರುವುದು ಮಾಮೂಲು. ಮುಂದಿನ ಮಳೆಗಾಲದ ನಂತರ ಬಂದು ಉಳಿದ ಜಾಗ ತುಂಬಿಕೊಡುವ ಮಾತು ಒಪ್ಪಂದದಲ್ಲೇ ಇರಲಿ, ಕೊನೆಯ ಕಂತು ಅದಾದ ಮೇಲೆ ಕೊಡುತ್ತೇನೆ ಅಂತ ಹೇಳಿ.

ನೆಲ ಗೋಡೆ ಸೇರುವ ಮೂಲೆಯಲ್ಲಿ ಒಂದು ಇಂಚು ಅಗಲ, ಒಂದು ಇಂಚು ಆಳದ ಸಣ್ಣ ತೋಡು ಕೆತ್ತಿಸಿ. ನೀರು ಹರಿಯುತ್ತಿದ್ದರೂ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟ್ ತುಂಬಿಸಿ, ಮೇಲೆ ಕುಗ್ಗದ ಗಾರೆಯಿಂದ ಮೂಲೆಯನ್ನು ದುಂಡಗೆ ಮಾಡಿಸಿ. ಆಮೇಲೆ ಕ್ರಿಸ್ಟಲೈನ್ ಕೋಟಿಂಗ್. ಇದು ಬಣ್ಣದ ಹಾಗೆ ಮೇಲೆ ಕೂರುವುದಿಲ್ಲ, ತೇವದ ಜೊತೆ ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಹೋಗಿ ಹರಳು ಕಟ್ಟುತ್ತದೆ. ಒಳಗಿನಿಂದ ಹಚ್ಚಿದರೂ ಕೆಲಸ ಮಾಡುವುದು ಇದಕ್ಕೇ. ಎರಡು ಷರತ್ತು ಇವೆ. ಪ್ಲಾಸ್ಟರ್, ಬಣ್ಣ ಎಲ್ಲ ಕೆತ್ತಿ ಬರಿ ಕಾಂಕ್ರೀಟಿಗೇ ಹಚ್ಚಬೇಕು. ಹಚ್ಚುವಾಗ ಗೋಡೆ ತೇವವಾಗಿರಬೇಕು, ಆಮೇಲೂ ಎರಡು ಮೂರು ದಿನ ನೀರು ಚಿಮುಕಿಸುತ್ತಿರಬೇಕು. ಪ್ಲಾಸ್ಟರ್ ಮೇಲೆ ಹಚ್ಚುತ್ತೇವೆ ಅಂದವರಿಗೆ ಕೆಲಸ ಕೊಡಬೇಡಿ.

ಸಾಲಿಡ್ ಬ್ಲಾಕ್ ಅಥವಾ ಸೈಜುಗಲ್ಲಿನ ಗೋಡೆಯಾದರೆ ಕಥೆ ಬೇರೆ. ಪ್ರತಿ ಸಂದಿಯೂ ನೀರಿಗೆ ದಾರಿ. ಕಲ್ಲಿನೊಳಗೆ ಹರಳು ಕಟ್ಟುವುದಿಲ್ಲ. ಇಂಥ ಗೋಡೆಯನ್ನು ಒಳಗಿನಿಂದ ಪೂರ್ತಿ ಮುಚ್ಚಲು ಹೋಗಿ ಗೆದ್ದವರನ್ನು ನಾನು ನೋಡಿಲ್ಲ. ಸಂದಿಗಳನ್ನು ಆಳವಾಗಿ ಕೆರೆದು ಗಾರೆ ತುಂಬಿಸಿ, ಉಳಿದ ನೀರನ್ನು ಚರಂಡಿಗೆ ಇಳಿಸಿ. ಬ್ಲಾಕ್ ಗೋಡೆ ಒಳಕ್ಕೆ ಉಬ್ಬಿದೆ ಅಥವಾ ಅಡ್ಡಲಾಗಿ ಉದ್ದ ಬಿರುಕು ಬಿಟ್ಟಿದೆ ಅಂದರೆ ಮಣ್ಣಿನ ಒತ್ತಡ ತಡೆಯಲು ಅದಕ್ಕೆ ಆಗುತ್ತಿಲ್ಲ. ವಾಟರ್‌ಪ್ರೂಫಿಂಗ್ ಬಿಡಿ, ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ನಾಲ್ಕನೇ ಹೆಜ್ಜೆ: ನೀರಿಗೆ ದಾರಿ

ಗೋಡೆಯ ಬುಡದ ಉದ್ದಕ್ಕೂ ಒಂದು ಚರಂಡಿ, ಮೂಲೆಯಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಪಂಪು. ಇಷ್ಟೇ. ಸರಳವಾಗಿದ್ದರೂ ನನಗೆ ಅತಿ ನಂಬಿಕೆ ಇರುವುದು ಇದರ ಮೇಲೆ.

ನೆಲ ಒಡೆಯುವ ಮೊದಲು ಪಾಯ ಯಾವ ಥರದ್ದು ಅಂತ ಎಂಜಿನಿಯರ್ ಹತ್ತಿರ ಕೇಳಲೇಬೇಕು. ಕಂಬಗಳಿಗೆ ಬೇರೆ ಬೇರೆ ಪಾಯ ಇದ್ದು ನೆಲ ಸುಮ್ನೆ ಹಾಸಿದ್ದಾದರೆ, ಗೋಡೆ ಪಕ್ಕ ಒಂದು ಅಡಿ ಅಗಲಕ್ಕೆ ಕತ್ತರಿಸಬಹುದು. ಇಡೀ ನೆಲವೇ ಪಾಯವಾಗಿರುವ ರಾಫ್ಟ್ ಆದರೆ ಮುಟ್ಟಲೇಬಾರದು. ಆಗ ಇರುವ ನೆಲದ ಮೇಲೆ ಎರಡು ಮೂರು ಇಂಚು ಕಾಂಕ್ರೀಟ್ ಏರಿಸಿ, ಅದರ ಅಂಚಿನಲ್ಲಿ ತೆರೆದ ಚರಂಡಿ ಬಿಡಬೇಕು. ಬೇಸ್‌ಮೆಂಟ್ ಎತ್ತರ ಅಷ್ಟು ಕಡಿಮೆಯಾಗುತ್ತದೆ, ಬೇರೆ ದಾರಿ ಇಲ್ಲ.

ಕತ್ತರಿಸಿದ ಕಡೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 20 ಎಂಎಂ ಜಲ್ಲಿಯ ಪದರ ಹಾಕಿ, ನಾಲ್ಕು ಇಂಚಿನ ತೂತಿರುವ ಪಿವಿಸಿ ಪೈಪು ಇಡಿ. ನೂರು ಅಡಿಗೆ ಒಂದು ಅಡಿಯಂತೆ ಗುಂಡಿ ಕಡೆಗೆ ವಾಟ ಇರಲಿ. ಮೇಲೆ ಮತ್ತೆ ಜಲ್ಲಿ, ಅದರ ಮೇಲೆ ಬಟ್ಟೆ ಮಡಚಿ, ಕಾಂಕ್ರೀಟ್. ತುದಿಗಳಲ್ಲಿ ತೆರೆದು ತೊಳೆಯಲು ಬರುವಂತೆ ಮುಚ್ಚಳ ಬಿಡಿಸಿ. ಬಟ್ಟೆ ಹಾಕದೆ ಜಲ್ಲಿ ಸುರಿದರೆ ನಮ್ಮ ಕೆಂಪು ಮಣ್ಣು ಬೇಗನೆ ಪೈಪು ತುಂಬುತ್ತದೆ.

ಗುಂಡಿ ಎರಡಡಿ ಚೌಕ, ಮೂರಡಿ ಆಳ ಇದ್ದರೆ ಸಾಮಾನ್ಯ ಮನೆಗೆ ಸಾಕು. ಕೊಳೆ ನೀರು ಎತ್ತುವ ಸಬ್‌ಮರ್ಸಿಬಲ್ ಪಂಪು, ನೀರು ಏರಿದಾಗ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್, ನೀರು ವಾಪಸ್ ಬರದಂತೆ ವಾಲ್ವ್. ಜೋರು ಮಳೆ ಬಂದಾಗಲೇ ಕರೆಂಟ್ ಹೋಗುವುದು, ಅದಕ್ಕೆ ಇನ್ವರ್ಟರ್ ವ್ಯವಸ್ಥೆ ಬೇಕು. ಪಂಪು ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಫ್ಯಾನು ಲೈಟಿಗೆ ಇರುವ ಇನ್ವರ್ಟರ್ ಅದನ್ನು ತಡೆಯುತ್ತಾ ಅಂತ ಎಲೆಕ್ಟ್ರಿಷಿಯನ್ ಮುಂದೆ ನಿಂತು ಓಡಿಸಿಯೇ ನೋಡಿ. ಪಂಪಿನ ನೀರು ಮಳೆನೀರು ಮೋರಿಗೆ ಹೋಗಲಿ. ನೀರು ತಿಳಿಯಾಗಿದ್ದರೆ ಗಿಡಕ್ಕೆ, ಗಾಡಿ ತೊಳೆಯಲು ಹಿಡಿದಿಡಬಹುದು.

ಪಂಪು ಎತ್ತುವ ನೀರನ್ನು ಆಗಾಗ ಒಂದು ಬಿಳಿ ಬಕೆಟ್‌ನಲ್ಲಿ ಹಿಡಿದು ನೋಡಿ. ಮೊದಲ ಕೆಲವು ದಿನ ರಾಡಿ ಬರುತ್ತದೆ, ಆಮೇಲೆ ತಿಳಿಯಾಗಬೇಕು. ತಿಂಗಳಾದರೂ ಕೆಂಪು ಮಣ್ಣು ಬರುತ್ತಲೇ ಇದ್ದರೆ ಪಾಯದ ಕೆಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಅಂತ ಅರ್ಥ. ಪಂಪು ನಿಲ್ಲಿಸಿ, ಎಂಜಿನಿಯರ್ ಕರೆಸಿ.

ಬೇಸ್‌ಮೆಂಟ್‌ನಲ್ಲಿ ನೀರು ನಿಂತಿರುವಾಗ ಯಾರೂ ಅದರೊಳಗೆ ಕಾಲಿಡಬಾರದು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟ್ ನೀರನ್ನು ಮೋಟಾರ್ ಹಚ್ಚಿ ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು, ಅವರಲ್ಲಿ ಒಬ್ಬ ಹುಡುಗ. ಮೇನ್ ಸ್ವಿಚ್ ಮೇಲಿನ ಮಹಡಿಯಲ್ಲಿ ಇರಲಿ. ಮೊದಲು ಅದನ್ನು ಆಫ್ ಮಾಡಿ, ಇನ್ವರ್ಟರ್ ಲೈನನ್ನೂ ಬಿಡಿಸಿ. ಮೀಟರ್ ಬೋರ್ಡು ಬೇಸ್‌ಮೆಂಟ್‌ನಲ್ಲೇ ಇದ್ದರೆ ಕೆಳಗೆ ಇಳಿಯದೆ ಬೆಸ್ಕಾಂಗೆ ಫೋನ್ ಮಾಡಿ. ಪೆಟ್ರೋಲ್ ಪಂಪನ್ನೋ ಜನರೇಟರನ್ನೋ ಒಳಗೆ ಇಟ್ಟು ಓಡಿಸಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ.

ಐದನೇ ಹೆಜ್ಜೆ: ಕಾಯುವುದು

ರಿಪೇರಿ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿಸಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ರ‍್ಯಾಂಪು, ಪೈಪುಗಳನ್ನು ಪರೀಕ್ಷಿಸುತ್ತದೆ. ಆದರೆ ಆಗ ಮಣ್ಣು ಒಣಗಿರುತ್ತದೆ. ನಿಜವಾದ ಪರೀಕ್ಷೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಮಣ್ಣು ನೆನೆದು ತುಂಬಿದ ಮೇಲೆ. ಗೃಹಪ್ರವೇಶದ ವರ್ಷ, ಮದುವೆ ಮುಂಜಿ ಅಂತ ಅವಸರ ಪಟ್ಟು ಜೂನ್‌ನಲ್ಲೇ ಗೋಡೆ ಮುಚ್ಚಿಸಿದರೆ ಮುಂದೆ ನೀರು ಬಂದದ್ದು ಕಣ್ಣಿಗೇ ಕಾಣುವುದಿಲ್ಲ. ನವೆಂಬರ್‌ವರೆಗೆ ಗೋಡೆ ಬರಿದಾಗಿಯೇ ಇರಲಿ. ಹಳೇ ಚಾಕ್‌ಪೀಸ್ ಗೆರೆಗಳ ಹತ್ತಿರ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ.

ಆರನೇ ಹೆಜ್ಜೆ: ರೂಮು ಮಾಡುವುದು

ಇಲ್ಲಿ ನನ್ನದು ಒಂದೇ ನಿಯಮ. ಒಂದು ದಿನ ನೀರು ಬಂದರೂ ಒರೆಸಿ ಒಣಗಿಸಿ ಮತ್ತೆ ಬಳಸುವ ಸಾಮಾನು ಮಾತ್ರ ಹಾಕಿ.

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಕೋಟಾ ಕಲ್ಲು, ಗ್ರಾನೈಟ್, ರೆಡ್ ಆಕ್ಸೈಡ್ ಯಾವುದಾದರೂ ಸರಿ. ಮರದ ಲ್ಯಾಮಿನೇಟ್ ಬೇಡ, ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೇಡ. ಟೈಲ್ಸ್ ಹಾಕುವಾಗ ಗುಂಡಿ ಕಡೆಗೆ ಸಣ್ಣ ವಾಟ ಇರಲಿ.

ಗೋಡೆಗೆ ಪಿಒಪಿ, ಜಿಪ್ಸಂ ಪ್ಲಾಸ್ಟರ್ ಬೇಡವೇ ಬೇಡ. ತೇವ ಹೀರಿ ಮೆತ್ತಗಾಗುತ್ತವೆ. ಒಣಗಿದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಅದು ಪೂರ್ತಿ ಒಣಗಲು ತಿಂಗಳು ಬಿಟ್ಟು, ಸುಣ್ಣವನ್ನೋ ಗಾಳಿಯಾಡುವ ಮಿನರಲ್ ಪೇಂಟನ್ನೋ ಹೊಡೆಸಿ. ಹೊಳಪಿನ ಎಣ್ಣೆ ಬಣ್ಣ, ರಬ್ಬರಿನಂಥ ದಪ್ಪ ಬಣ್ಣ ಒಳಗಿನ ತೇವವನ್ನು ಕಟ್ಟಿಹಾಕಿ ಗುಳ್ಳೆ ಎಬ್ಬಿಸುತ್ತವೆ. ಕಲ್ಲಿನ ಗೋಡೆಯಾದರೆ ಸಂದಿ ತುಂಬಿಸಿ ಹಾಗೇ ಬಿಡಿ. ನೋಡಲು ಚೆಂದ, ಉಸಿರಾಡಲೂ ಬಿಡುತ್ತದೆ.

ನುಣುಪಾದ ಗೋಡೆಯೇ ಬೇಕು ಅಂದರೆ ಜಿಐ ಚಾನೆಲ್ (ಸತು ಲೇಪಿಸಿದ ತಗಡಿನ ಪಟ್ಟಿ) ಮೇಲೆ ಸಿಮೆಂಟ್ ಬೋರ್ಡಿನ ಇನ್ನೊಂದು ಗೋಡೆ ಕಟ್ಟಿಸಿ. ಹಳೇ ಗೋಡೆಯಿಂದ ಎರಡು ಮೂರು ಇಂಚು ಬಿಟ್ಟಿರಲಿ. ಮೇಲೆ ಕೆಳಗೆ ಗಾಳಿ ಕಿಂಡಿ ಇರಲಿ, ಅಲ್ಲಲ್ಲಿ ತೆಗೆದು ಒಳಗೆ ಟಾರ್ಚ್ ಹಾಕಿ ನೋಡುವಂಥ ಹಲಗೆ ಇರಲಿ. ಬೋರ್ಡಿನ ಕೆಳಗಿನ ಅಂಚು ನೆಲಕ್ಕೆ ತಾಗದೆ ಅರ್ಧ ಇಂಚು ಮೇಲೆ ನಿಲ್ಲಲಿ.

ಪ್ಲೈವುಡ್, ಎಂಡಿಎಫ್ ಕಪಾಟು ಮಾಡಿಸಬೇಡಿ. ಕಬ್ಬಿಣದ ರ‍್ಯಾಕು, ಕಡಪ ಕಲ್ಲಿನ ಕಟ್ಟೆ, ಕಾಲಿನ ಮೇಲೆ ನಿಂತ ಸ್ಟೀಲ್ ಬೀರು ಒಳ್ಳೆಯದು. ಬೀರು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕಿರಲಿ. ಮನೆ ಪತ್ರ, ಹಳೇ ಫೋಟೋ, ರೇಷ್ಮೆ ಸೀರೆ ಇವೆಲ್ಲ ಮೇಲಿನ ಮಹಡಿಯಲ್ಲೇ ಇರಲಿ.

ವೈರಿಂಗ್ ಸೀಲಿಂಗ್ ಕಡೆಯಿಂದ ಕೆಳಗೆ ಇಳಿಯಬೇಕು, ನೆಲದೊಳಗೆ ಪೈಪು ಹೂಳಿಸಬೇಡಿ. ಪ್ಲಗ್ ಪಾಯಿಂಟು ನೆಲದಿಂದ ನಾಲ್ಕು ಅಡಿ ಮೇಲಿರಲಿ. ಬೇಸ್‌ಮೆಂಟ್‌ಗೆ ಪ್ರತ್ಯೇಕ ಲೈನು, ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಕಡ್ಡಾಯವಾಗಿ ಹಾಕಿಸಿ. ಪಂಪಿನ ಲೈನು ಇದರಿಂದಲೂ ಬೇರೆ ಇರಲಿ, ಅದಕ್ಕೂ ತನ್ನದೇ ಆರ್‌ಸಿಸಿಬಿ ಇರಲಿ.

ಗಾಳಿಗೆ ಒಂದು ಕಡೆ ಕಿಂಡಿ, ಎದುರು ಕಡೆ ಎಕ್ಸಾಸ್ಟ್ ಫ್ಯಾನ್. ಡಿಸೆಂಬರ್‌ನಿಂದ ಮೇವರೆಗೆ ಕಿಟಕಿ ಧಾರಾಳವಾಗಿ ತೆರೆದಿಡಿ. ಜಡಿಮಳೆ ದಿನಗಳಲ್ಲಿ ಹೊರಗಿನ ಗಾಳಿಯೇ ತೇವವಾಗಿರುತ್ತದೆ, ಆಗ ಇಡೀ ದಿನ ತೆರೆದಿಟ್ಟರೆ ಗೋಡೆ ಮತ್ತೆ ಬೆವರುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ತೆರೆದರೆ ಸಾಕು. ಪುಸ್ತಕ, ಸಂಗೀತದ ಸಾಮಾನು ಇಡುವವರು ತೇವ ಅಳೆಯುವ ಸಣ್ಣ ಮೀಟರ್ ತಂದು ಗೋಡೆಗೆ ಹಾಕಿ. ಅದು ದಿನವೂ 70 ಶೇಕಡಾ ಮೀರಿದರೆ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಬೇಕಾಗುತ್ತದೆ. ಅದರ ನೀರಿನ ಪೈಪನ್ನು ಪಂಪಿನ ಗುಂಡಿಗೇ ಬಿಡಬಹುದು.

ವರ್ಷಕ್ಕೆ ಎರಡು ಸಲ, ಯುಗಾದಿ ಆಸುಪಾಸಿನಲ್ಲಿ ಒಮ್ಮೆ, ಗಣೇಶನ ಹಬ್ಬಕ್ಕೆ ಮೊದಲು ಒಮ್ಮೆ, ಗುಂಡಿಯ ಮುಚ್ಚಳ ತೆಗೆದು ಕೆಸರು ಬಾಚಿಸಿ. ಗುಂಡಿಗೆ ನಾಲ್ಕೈದು ಬಕೆಟ್ ನೀರು ಸುರಿದು ಪಂಪು ತಾನೇ ಚಾಲೂ ಆಗುತ್ತಾ, ನೀರು ಖಾಲಿಯಾದ ಮೇಲೆ ತಾನೇ ನಿಲ್ಲುತ್ತಾ ನೋಡಿ. ಮೇನ್ ಆಫ್ ಮಾಡಿ, ಇನ್ವರ್ಟರ್ ಮೇಲೂ ಒಮ್ಮೆ ಓಡಿಸಿ. ತಾರಸಿಯ ಪೈಪಿನ ಬಾಯಿಯಲ್ಲಿ ಸಿಕ್ಕಿದ ಎಲೆ, ರ‍್ಯಾಂಪಿನ ಜಾಲರಿಯಲ್ಲಿ ಸಿಕ್ಕಿದ ಕಸ ತೆಗೆಸಿ. ಮನೆಯಲ್ಲಿ ಇರುವ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ, ಬೇಸ್‌ಮೆಂಟಿನ ಮೇನ್ ಸ್ವಿಚ್ ಎಲ್ಲಿದೆ ಅಂತ ತೋರಿಸಿಡಿ.